ಕಾದ ಕಿಟ್ಟ ಎಷ್ಟು ಮಂದ? ಎಐ ಕೊಡೋ ನಂಬರ್ ನಂಬೋಕೆ ಮುಂಚೆ ನೋಡ್ಬೇಕಾದ್ದು

ಉಕ್ಕಿನ ಬಗ್ಗೆ ಎರಡು ತರದ ಸುದ್ದಿ ಒಟ್ಟೊಟ್ಟಿಗೆ ಬರ್ತಿವೆ, ಎರಡನ್ನೂ ಓದಿದವರಿಗೆ ಗೊಂದಲ ಆಗೋದು ಸಹಜ. ಒಂದು ಕಡೆ ಭಾರತ 2018ರಿಂದ ಜಗತ್ತಿನ ಎರಡನೇ ಅತಿ ದೊಡ್ಡ ಉಕ್ಕು ಉತ್ಪಾದಕ ದೇಶ, 2030-31ರ ಹೊತ್ತಿಗೆ ಸಾಮರ್ಥ್ಯ 30 ಕೋಟಿ ಟನ್ನಿಗೆ ಮುಟ್ಟಿಸ್ಬೇಕು ಅಂತ ರಾಷ್ಟ್ರೀಯ ಉಕ್ಕು ನೀತೀಲೇ ಬರ್ದಿದೆ, ಆದ್ರೂ ಕೆಲವು ವಿಶೇಷ ಉಕ್ಕನ್ನ ಇನ್ನೂ ಹೊರಗಿನಿಂದ ತರಿಸ್ತೀವಿ, ಅದನ್ನ ಇಲ್ಲೇ ಮಾಡ್ಲಿ ಅಂತ 2021ರಲ್ಲಿ ಕೇಂದ್ರ ಸರ್ಕಾರ 6,322 ಕೋಟಿ ರೂಪಾಯಿಯ ಪಿಎಲ್‌ಐ ಸ್ಕೀಮ್, ಅಂದ್ರೆ ಉತ್ಪಾದನೆಗೆ ತಕ್ಕಂತೆ ಪ್ರೋತ್ಸಾಹಧನ ಕೊಡೋ ಯೋಜನೆ, ತಂತು. ಇನ್ನೊಂದು ಕಡೆ, ಕರಗಿದ ಸ್ಲ್ಯಾಗ್ ಎಷ್ಟು ಮಂದವಾಗಿರುತ್ತೆ ಅನ್ನೋದನ್ನ ಮಷೀನ್ ಲರ್ನಿಂಗ್ ಮಾಡೆಲ್ ಮುಂಚೇನೇ ಹೇಳಿಬಿಡುತ್ತೆ, ಇನ್ಮೇಲೆ ಲ್ಯಾಬಲ್ಲಿ ಅಳೆಯೋ ಕಷ್ಟ ತಪ್ಪುತ್ತೆ ಅನ್ನೋ ಅರ್ಥದ ಸಂಶೋಧನಾ ಸುದ್ದಿಗಳು. ಸ್ಲ್ಯಾಗ್ ಅಂದ್ರೆ ಕಿಟ್ಟ ಅಲ್ವಾ, ಬಿಸಾಕೋ ಕಿಟ್ಟ ಮಂದ ಇದ್ರೇನು ನೀರಾಗಿದ್ರೇನು, ಅದಕ್ಕೆ ಎಐ ಯಾಕೆ, ಅದಕ್ಕೂ ಕಾರಿನ ಉಕ್ಕಿಗೂ ಏನು ಸಂಬಂಧ ಅಂತ ಕೇಳೋರಿಗೆ ಈ ಲೇಖನ.

ಸಂಬಂಧ ಇದೆ, ತುಂಬಾ ಹತ್ತಿರದ ಸಂಬಂಧ.

ಬಿಸಾಕೋ ಕಿಟ್ಟ ಬೇರೆ, ಇದು ಬೇರೆ

ಬಳ್ಳಾರಿ ಕಡೆ ತೋರಣಗಲ್ಲಿನಂಥ ದೊಡ್ಡ ಉಕ್ಕಿನ ಕಾರ್ಖಾನೇಲಿ ಟನ್‌ಗಟ್ಟಲೆ ಹೊರಗೆ ಬರೋದು ಬ್ಲಾಸ್ಟ್ ಫರ್ನೇಸಿನ ಕಿಟ್ಟ. ಅದು ಅದಿರಿನಲ್ಲಿರೋ ಕಲ್ಮಶ, ಸಿಮೆಂಟಿಗೆ ಹೋಗುತ್ತೆ. ಈ ಸುದ್ದಿಗಳಲ್ಲಿ ಮಾತಾಡ್ತಿರೋದು ಅದರ ಬಗ್ಗೆ ಅಲ್ಲ, ಉಕ್ಕನ್ನ ಎರಕ ಹೊಯ್ಯೋವಾಗ ಬೇಕೂ ಅಂತಲೇ ದುಡ್ಡು ಕೊಟ್ಟು ತಂದು ಹಾಕೋ ಸ್ಲ್ಯಾಗ್ ಬಗ್ಗೆ. ಚೀಲದಲ್ಲಿ ಪುಡಿಯಾಗೋ ಸಣ್ಣ ಕಾಳಾಗೋ ಬರುತ್ತೆ, ಕ್ಯಾಸ್ಟರ್ ಅನ್ನೋ ಎರಕದ ಮೆಷಿನ್ ಮೇಲೆ ಕೆಲಸ ಮಾಡೋರು ಇದನ್ನ ಮೋಲ್ಡ್ ಪೌಡರ್ ಅಂತಾರೆ.

ಇವತ್ತು ಜಗತ್ತಿನ ಉಕ್ಕಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಕಂಟಿನ್ಯುಯಸ್ ಕಾಸ್ಟಿಂಗಲ್ಲೇ, ಅಂದ್ರೆ ನಿಲ್ಲಿಸದೆ ಎರಕ ಹೊಯ್ಯೋ ವಿಧಾನದಲ್ಲೇ ಆಗೋದು. ಲ್ಯಾಡಲ್ ಅನ್ನೋ ದೊಡ್ಡ ಬಕೆಟಿಂದ ಟಂಡಿಶ್ ಅನ್ನೋ ತೊಟ್ಟಿಗೆ, ಟಂಡಿಶಿಂದ ಒಂದು ನಳಿಗೆ ಮೂಲಕ ತಾಮ್ರದ ಮೋಲ್ಡಿಗೆ, ಅಂದ್ರೆ ಅಚ್ಚಿಗೆ, ಸುಮಾರು 1,530-1,550 ಡಿಗ್ರಿ ಸೆಲ್ಸಿಯಸ್ ಇರೋ ಉಕ್ಕು ನಿಲ್ಲದೆ ಇಳೀತಾ ಇರುತ್ತೆ. ತಾಮ್ರ ಕರಗೋದೇ 1,085 ಡಿಗ್ರಿಗೆ, ಅಂದ್ರೆ ತನಗಿಂತ ಬಿಸಿ ಇರೋ ಉಕ್ಕನ್ನ ಅದು ಹಿಡ್ಕೊಂಡಿರೋದು ಬರೀ ಹಿಂಬದೀಲಿ ರಭಸವಾಗಿ ಹರಿಯೋ ನೀರಿನ ಬಲದಿಂದ. ಮೋಲ್ಡ್ ಇರೋದು ಒಂದು ಮೀಟರಿಗಿಂತ ಸ್ವಲ್ಪ ಕಮ್ಮಿ ಉದ್ದ, ಅಷ್ಟು ದೂರ ಇಳಿಯೋದ್ರೊಳಗೆ ಉಕ್ಕಿನ ಸುತ್ತ ಒಂದೂವರೆಯಿಂದ ಎರಡೂವರೆ ಸೆಂಟಿಮೀಟರ್ ದಪ್ಪದ ಚಿಪ್ಪು ಕಟ್ಟಬೇಕು, ಒಳಗಡೆ ಇನ್ನೂ ದ್ರವವೇ ಇರುತ್ತೆ, ಆ ಚಿಪ್ಪನ್ನ ಹಿಡಿದು ಕೆಳಗಿಂದ ಎಳೀತಾ ಇರ್ತಾರೆ.

ಚಿಪ್ಪು ತಾಮ್ರಕ್ಕೆ ಅಂಟಿಕೊಂಡ್ರೆ? ಮೇಲಿನ ಭಾಗ ಅಲ್ಲೇ ನಿಲ್ಲುತ್ತೆ, ಕೆಳಗಿನದು ಎಳೆತಕ್ಕೆ ಹರಿಯುತ್ತೆ, ಹರಿದ ಜಾಗ ಮೋಲ್ಡ್ ದಾಟಿ ಕೆಳಗೆ ಬಂದ ಕೂಡ್ಲೇ ಒಳಗಿನ ಕಾದ ಉಕ್ಕು ಹೊರಗೆ ಹಾರುತ್ತೆ. ಇದಕ್ಕೇ ಬ್ರೇಕ್‌ಔಟ್ ಅನ್ನೋದು, ಕ್ಯಾಸ್ಟರಲ್ಲಿ ಕೆಲಸ ಮಾಡೋರು ತುಂಬಾ ಹೆದರೋ ಮಾತು. ಮೆಷಿನ್ ನಿಲ್ಲುತ್ತೆ, ರೋಲರುಗಳ ಮೇಲೆ ಉಕ್ಕು ಹೆಪ್ಪುಗಟ್ಟುತ್ತೆ, ಕತ್ತರಿಸಿ ತೆಗೀಬೇಕು, ಪಕ್ಕದಲ್ಲಿದ್ದವರ ಪ್ರಾಣಕ್ಕೂ ಅಪಾಯ.

ತಲೆಗೂದಲಷ್ಟು ದಪ್ಪದ ಪದರ

ಅದಕ್ಕೇ ಈ ಪೌಡರ್. ಮೋಲ್ಡಿನ ಬಾಯಲ್ಲಿ ಕಾದ ಉಕ್ಕಿನ ಮೇಲೆ ಪುಡಿ ಹರಡ್ತಾರೆ, ಕೆಳಗಿನ ಪದರ ಕರಗಿ ಸುಮಾರು ಒಂದು ಸೆಂಟಿಮೀಟರ್ ಆಳದ ಸ್ಲ್ಯಾಗ್ ಮಡುವಾಗುತ್ತೆ, ಮೇಲಿನ ಕರಗದ ಪುಡಿ ಕಂಬಳಿ ತರ ಬಿಸಿ ಹೋಗದ ಹಾಗೆ ಮುಚ್ಚಿರುತ್ತೆ. ಮೋಲ್ಡ್ ನಿಮಿಷಕ್ಕೆ ನೂರಾರು ಸಲ, ಒಂದೊಂದು ಸಲಕ್ಕೆ ಕೆಲವೇ ಮಿಲಿಮೀಟರ್ ಮೇಲೆ ಕೆಳಗೆ ಆಡ್ತಿರುತ್ತೆ, ಆ ಆಟದಲ್ಲಿ ಮಡುವಿನ ಸ್ಲ್ಯಾಗ್ ಚಿಪ್ಪಿಗೂ ತಾಮ್ರಕ್ಕೂ ನಡುವಿನ ಸಂದಿಗೆ ಇಳಿಯುತ್ತೆ. ತಾಮ್ರದ ಕಡೆ ಇರೋದು ಒಂದೆರಡು ಮಿಲಿಮೀಟರ್ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ, ಉಕ್ಕಿನ ಕಡೆ ಮಾತ್ರ ಸುಮಾರು 0.1 ಮಿಲಿಮೀಟರಿನ ದ್ರವ ಪದರ ಉಳಿಯುತ್ತೆ, ಅಂದ್ರೆ ಒಂದು ತಲೆಗೂದಲಷ್ಟು. ಚಿಪ್ಪು ಜಾರೋದು ಅದರ ಮೇಲೆ.

ಎಷ್ಟು ಪೌಡರ್ ಬೇಕು ಅಂತ ಒಂದು ಲೆಕ್ಕ ನೋಡಿ. ಹೀಗೆ ಎರಕವಾಗಿ ಬರೋ ಉಕ್ಕಿನ ಚಪ್ಪಟೆ ಹಲಗೆಗೆ ಸ್ಲ್ಯಾಬ್ ಅಂತಾರೆ, ಅದರ ಒಂದು ಚದರ ಮೀಟರ್ ಮೈಗೆ ಸುಮಾರು 0.3 ಕೆಜಿ ಸ್ಲ್ಯಾಗ್ ಖರ್ಚಾಗುತ್ತೆ ಅಂದ್ಕೊಳ್ಳಿ, ಸ್ಲ್ಯಾಬ್ 1,500 ಮಿಲಿಮೀಟರ್ ಅಗಲ 220 ಮಿಲಿಮೀಟರ್ ದಪ್ಪ ಇದ್ರೆ ಒಂದು ಮೀಟರ್ ಉದ್ದಕ್ಕೆ ಬೇಕಾಗೋದು ಬರೀ ಒಂದು ಕೆಜಿ ಚಿಲ್ಲರೆ, ಅಷ್ಟೇ ಉದ್ದದ ಉಕ್ಕು ತೂಗೋದು ಎರಡೂವರೆ ಟನ್ನಿಗಿಂತ ಜಾಸ್ತಿ. ಎರಡೂವರೆ ಟನ್ ಉಕ್ಕಿನ ಗುಣ ಒಂದು ಕೆಜಿ ಪುಡಿ ಕೈಯಲ್ಲಿ ನಿಂತಿದೆ.

ಈ ಮಡು ಎಷ್ಟು ಆಳ ಇದೆ ಅಂತ ನೋಡೋ ವಿಧಾನ ತುಂಬಾ ಸರಳ, ಹಲವು ಕಡೆ ಇದೇ ನಡೆಯುತ್ತೆ. ಒಂದು ಉಕ್ಕಿನ ತಂತಿ, ಒಂದು ತಾಮ್ರದ ತಂತಿ ಜೋಡಿಸಿ ಕಟ್ಟಿ ಮೋಲ್ಡಿನೊಳಗೆ ನೇರ ಇಳಿಸಿ ಕೆಲವು ಸೆಕೆಂಡ್ ಹಿಡಿದು ಮೇಲೆತ್ತೋದು. ಉಕ್ಕಿನ ತಂತಿ ಕಾದ ಉಕ್ಕು ಮುಟ್ಟಿದ ಮಟ್ಟದವರೆಗೆ ಕರಗಿರುತ್ತೆ, ತಾಮ್ರದ ತಂತಿ ಅದಕ್ಕಿಂತ ಮೇಲೆ, ಸ್ಲ್ಯಾಗ್ ದ್ರವವಾಗಿರೋ ಮಟ್ಟದ ಹತ್ತಿರಕ್ಕೇ ಕರಗಿರುತ್ತೆ, ಎರಡರ ತುದಿಗಳ ವ್ಯತ್ಯಾಸವೇ ಮಡುವಿನ ಆಳ. ಆಳವೇನೋ ಹೀಗೆ ಸಿಕ್ತು, ಆದ್ರೆ ಆ ಸ್ಲ್ಯಾಗ್ ಎಷ್ಟು ಮಂದ ಇದೆ ಅನ್ನೋದನ್ನ ಓಡ್ತಿರೋ ಮೋಲ್ಡಲ್ಲಿ ಅಳೆಯೋಕೆ ದಾರಿ ಇಲ್ಲ. ಊಹಿಸೋ ಮಾತು ಶುರುವಾಗೋದೇ ಇಲ್ಲಿಂದ.

ಮಂದ ಆದ್ರೂ ಕಷ್ಟ, ನೀರಾದ್ರೂ ಕಷ್ಟ

ಶಾಲೆ ಪುಸ್ತಕದಲ್ಲಿ ಸ್ನಿಗ್ಧತೆ ಅಂತ ಓದಿರ್ತೀವಿ, ಕೆಲಸದ ಜಾಗದಲ್ಲಿ ವಿಸ್ಕಾಸಿಟಿ ಅಂತಾರೆ, ಅಡುಗೆಮನೆ ಮಾತಲ್ಲಿ ಹೇಳೋದಾದ್ರೆ ಎಷ್ಟು ಮಂದ ಅನ್ನೋದು. ಅಳತೆ ಪಾಯ್ಸ್ ಲೆಕ್ಕದಲ್ಲಿ. ನೀರು 0.01 ಪಾಯ್ಸ್, ಕಡ್ಲೆಕಾಯಿ ಎಣ್ಣೆ ಅರ್ಧದಿಂದ ಒಂದು ಪಾಯ್ಸಿನ ಒಳಗೆ, ಹರಳೆಣ್ಣೆ ಅಂದಾಜು 5ರಿಂದ 10 ಪಾಯ್ಸ್, ಅದೂ ಹವಾ ಎಷ್ಟು ಬೆಚ್ಚಗಿದೆ ಅನ್ನೋದ್ರ ಮೇಲೆ. ಮೋಲ್ಡ್ ಸ್ಲ್ಯಾಗ್ 1,300 ಡಿಗ್ರೀಲಿ 0.5ರಿಂದ 10 ಪಾಯ್ಸ್ ನಡುವೆ ಎಲ್ಲಾದ್ರೂ ಇರುತ್ತೆ. ಅಂದ್ರೆ ಕೆಂಪಗೆ ಕಾದಿರೋ ಕಡ್ಲೆಕಾಯಿ ಎಣ್ಣೆಯಿಂದ ಹರಳೆಣ್ಣೆವರೆಗೆ ಅಂದ್ಕೊಂಡ್ರೆ ಸರಿ ಹೋಗುತ್ತೆ.

ತುಂಬಾ ಮಂದ ಇದ್ರೆ ಸಂದಿಗೆ ಇಳಿಯಲ್ಲ, ಜಾರಿಕೆ ಕಮ್ಮಿಯಾಗಿ ಚಿಪ್ಪು ಅಂಟುತ್ತೆ, ಬ್ರೇಕ್‌ಔಟ್ ಭಯ. ಹಾಗಿದ್ರೆ ನೀರಾಗಿ ಮಾಡಿಬಿಡೋಣ ಅಂದ್ರೆ ಆಗ ಇನ್ನೊಂದು ಕಷ್ಟ, ಮೋಲ್ಡಿನೊಳಗೆ ಸುಳಿ ಸುತ್ತೋ ಉಕ್ಕು ಮೇಲಿನ ಸ್ಲ್ಯಾಗ್ ಹನಿಗಳನ್ನ ಒಳಗೆ ಎಳ್ಕೊಳ್ಳುತ್ತೆ, ಆ ಹನಿ ಉಕ್ಕಿನೊಳಗೇ ಸಿಕ್ಕಿಹಾಕ್ಕೊಂಡು ಸ್ಲ್ಯಾಬನ್ನ ಮಿಲಿಮೀಟರ್ ದಪ್ಪದ ಶೀಟ್ ಮಾಡಿದಾಗ ಗೆರೆ ತರ ಮೇಲೆ ಬರುತ್ತೆ, ಕಾರಿನ ಬಾಗಿಲಿಗೆ ಅಂತ ಕೊಂಡವರು ಆ ಶೀಟನ್ನ ವಾಪಸ್ ಕಳಿಸ್ತಾರೆ. ಜೊತೆಗೆ ನೀರಾಗಿರೋ ಸ್ಲ್ಯಾಗ್ ಉಕ್ಕು ಇಳಿಯೋ ನಳಿಗೆಯನ್ನೂ ಬೇಗ ತಿನ್ನುತ್ತೆ. ವಿಶೇಷ ಉಕ್ಕಿಗೂ ಸ್ಲ್ಯಾಗಿಗೂ ಇರೋ ಸಂಬಂಧ ಇದೇ: ಕಟ್ಟಡಕ್ಕೆ ಹಾಕೋ ಕಂಬಿಗೆ ನಡೆಯೋ ಹೆಚ್ಚುಕಮ್ಮಿ ಕಾರಿನ ಮೈಗೆ ನಡೆಯಲ್ಲ.

ಕ್ಯಾಸ್ಟರ್ ಜನ ಬಳಸೋ ಒಂದು ಹಳೇ ಲೆಕ್ಕ ಇದೆ, 1,300 ಡಿಗ್ರೀಲಿ ಎಷ್ಟು ಪಾಯ್ಸ್ ಅನ್ನೋದನ್ನ ನಿಮಿಷಕ್ಕೆ ಎಷ್ಟು ಮೀಟರ್ ಎಳೀತೀವಿ ಅನ್ನೋದ್ರಿಂದ ಗುಣಿಸಿದ್ರೆ 1ರಿಂದ 3.5ರ ಒಳಗೆ ಬರ್ಬೇಕು. ಮಾಮೂಲಿ ಸ್ಲ್ಯಾಬ್ ನಿಮಿಷಕ್ಕೆ 1.2 ಮೀಟರ್ ಓಡಿದ್ರೆ 1.8 ಪಾಯ್ಸಿನ ಸ್ಲ್ಯಾಗ್ ಚೆನ್ನಾಗಿ ಹೊಂದುತ್ತೆ, ಗುಣಿಸಿದ್ರೆ ಸುಮಾರು 2.2. ಅದೇ ಪೌಡರನ್ನ ನಿಮಿಷಕ್ಕೆ 5 ಮೀಟರ್ ಓಡೋ ತೆಳು ಸ್ಲ್ಯಾಬಿನ ಕ್ಯಾಸ್ಟರಿಗೆ ಹಾಕಿದ್ರೆ 9 ಆಗುತ್ತೆ, ನಡೆಯಲ್ಲ. ಹಾಗಾಗಿ ಒಂದೊಂದು ಉಕ್ಕಿಗೆ, ಒಂದೊಂದು ವೇಗಕ್ಕೆ ಬೇರೆ ಬೇರೆ ಪೌಡರ್, ಹೊಸ ಪೌಡರ್ ಮಾಡೋವಾಗೆಲ್ಲ ಇದು ಎಷ್ಟು ಪಾಯ್ಸ್ ಬರ್ಬಹುದು ಅನ್ನೋ ಪ್ರಶ್ನೆ.

ಮಂದ ಆಗೋದು ಯಾತಕ್ಕೆ

ಸ್ಲ್ಯಾಗಿನ ಬೆನ್ನೆಲುಬು ಸಿಲಿಕಾ, ಅಂದ್ರೆ ಮರಳಲ್ಲಿರೋದೇ. ಒಂದು ಸಿಲಿಕಾನ್ ಸುತ್ತ ನಾಲ್ಕು ಆಕ್ಸಿಜನ್, ಆ ಆಕ್ಸಿಜನ್ ಪಕ್ಕದ ಸಿಲಿಕಾನಿಗೂ ಸೇತುವೆ ತರ, ಹೀಗೆ ಒಂದಕ್ಕೊಂದು ಕೈ ಹಿಡಿದು ಬಲೆ ಹೆಣೆದಿರುತ್ತೆ, ಬಲೆ ದೊಡ್ಡದಾದಷ್ಟೂ ಹರಿಯೋದು ಕಷ್ಟ. ಸುಣ್ಣ, ಸೋಡಾ ಇಂಥವನ್ನ ಸೇರಿಸಿದ್ರೆ ಈ ಸೇತುವೆಗಳು ಮುರೀತವೆ, ಬಲೆ ಚೂರಾಗುತ್ತೆ, ಸ್ಲ್ಯಾಗ್ ನೀರಾಗುತ್ತೆ. ಫ್ಲೋರಿನ್ ಇರೋ ಫ್ಲೋರ್‌ಸ್ಪಾರ್ ಹಾಕಿದ್ರೆ ಇನ್ನೂ ತೆಳ್ಳಗೆ.

ತೊಂದರೆ ಕೊಡೋದು ಅಲ್ಯೂಮಿನಾ, ಅಂದ್ರೆ ಅಲ್ಯೂಮಿನಿಯಂ ಆಕ್ಸೈಡ್. ಇದು ಸುತ್ತಮುತ್ತ ಏನಿದೆ ಅನ್ನೋದ್ರ ಮೇಲೆ ಕೆಲವು ಸಲ ಬಲೆ ಹೆಣೆಯೋ ಕಡೆ, ಕೆಲವು ಸಲ ಬಲೆ ಮುರಿಯೋ ಕಡೆ ಸೇರುತ್ತೆ. ಸೋಡಾ, ಸುಣ್ಣ ಸಾಕಷ್ಟಿದ್ರೆ ಅಲ್ಯೂಮಿನಿಯಂ ಸಿಲಿಕಾನಿನ ಜಾಗದಲ್ಲೇ ಕೂತು ಬಲೆಗೆ ಗಂಟು ಹಾಕುತ್ತೆ, ಆ ಗಂಟಿನ ವಿದ್ಯುತ್ ಸಮತೋಲಕ್ಕೆ ಸೋಡಿಯಂ ಕ್ಯಾಲ್ಸಿಯಂ ಕೂಡ ಅಲ್ಲೇ ಕಟ್ಟುಬೀಳ್ತವೆ, ಕಟ್ಟುಬಿದ್ದವು ಸೇತುವೆ ಮುರಿಯೋ ಕೆಲಸಕ್ಕೆ ಸಿಗಲ್ಲ. ಹಾಗಾಗಿ ಇಷ್ಟು ಅಲ್ಯೂಮಿನಾ ಅಂದ್ರೆ ಇಷ್ಟು ಮಂದ ಅಂತ ನೇರ ಗೆರೆ ಎಳೆಯೋಕಾಗಲ್ಲ, ಉಳಿದದ್ದೆಲ್ಲ ಎಷ್ಟಿದೆ ಅನ್ನೋದನ್ನ ಒಟ್ಟಿಗೇ ನೋಡ್ಬೇಕು.

ಉಷ್ಣತೆ ಕಮ್ಮಿಯಾದ್ರೆ ಮಂದ ಆಗೋದು ಎಲ್ಲರಿಗೂ ಗೊತ್ತು, ಬೆಲ್ಲದ ಪಾಕ ಕಾಸಿದವರಿಗಂತೂ ಹೇಳಿಕೊಡಬೇಕಾಗಿಲ್ಲ. ಆರ್ತಾ ಆರ್ತಾ ಪಾಕ ಮಂದ ಆಗುತ್ತೆ, ಒಂದೆಳೆ ಬರುತ್ತೆ, ಅಲ್ಲಿವರೆಗೆ ನಿಧಾನವಾದ ಬದಲಾವಣೆ. ಆದ್ರೆ ಸಕ್ಕರೆ ಪಾಕ ಒಂದು ಹಂತದಲ್ಲಿ ಇದ್ದಕ್ಕಿದ್ದಂಗೆ ಹರಳುಗಟ್ಟಿಬಿಡುತ್ತೆ. ಮೋಲ್ಡ್ ಸ್ಲ್ಯಾಗಲ್ಲೂ ಹಾಗೇನೇ, ಆರಿಸ್ತಾ ಹೋದ್ರೆ ಒಂದು ಉಷ್ಣತೆ ಹತ್ರ ಹರಳು ಕಾಣಿಸ್ಕೊಂಡು ಮಂದ ಒಮ್ಮೆಲೇ ಏರುತ್ತೆ, ಅದನ್ನ ಬ್ರೇಕ್ ಟೆಂಪರೇಚರ್ ಅಂತಾರೆ. ಈ ಎರಡನ್ನ, ನಿಧಾನದ ಏರಿಕೆಯನ್ನೂ ಹರಳಿನ ಜಿಗಿತವನ್ನೂ, ಬೇರೆ ಬೇರೆ ಇಟ್ಕೊಂಡೇ ಓದಿ. ಮುಂದೆ ಬರೋ ಜಗಳದಲ್ಲಿ ಅರ್ಧ ಹುಟ್ಟಿರೋದು ಈ ಎರಡನ್ನ ಒಂದೇ ಅಂದ್ಕೊಂಡಿದ್ದರಿಂದ.

1981ರ ಫಾರ್ಮುಲಾ ಇನ್ನೂ ಯಾಕೆ ಓಡ್ತಿದೆ

1981ರಲ್ಲಿ ಫ್ರಾನ್ಸಿನ ರಿಬೂ ಮತ್ತು ಜೊತೆಗಾರರು ಒಂದು ಫಾರ್ಮುಲಾ ಕೊಟ್ರು. ಸ್ಲ್ಯಾಗಲ್ಲಿರೋದನ್ನೆಲ್ಲ ಸಿಲಿಕಾ ತರದ್ದು, ಸುಣ್ಣದ ತರದ್ದು, ಅಲ್ಯೂಮಿನಾ, ಫ್ಲೋರ್‌ಸ್ಪಾರ್, ಸೋಡಾ ತರದ್ದು ಅಂತ ಐದು ಗುಂಪು ಮಾಡೋದು, ಒಂದೊಂದಕ್ಕೆ ಅಳತೆಗಳಿಂದ ಹೊಂದಿಸಿದ ಒಂದೊಂದು ಅಂಕಿ, ಉಷ್ಣತೆಗೆ ಒಂದು ಘಾತೀಯ ಸಮೀಕರಣ, ಅಷ್ಟೇ. ಒಂದು ಎಕ್ಸೆಲ್ ಶೀಟಲ್ಲಿ ಹತ್ತು ನಿಮಿಷದ ಕೆಲಸ.

ಹಾಕಿ ನೋಡಿದ್ರೆ ಗೊತ್ತಾಗುತ್ತೆ. ತೂಕದಲ್ಲಿ ಸುಣ್ಣ ನೂರಕ್ಕೆ 35, ಸಿಲಿಕಾ 36, ಅಲ್ಯೂಮಿನಾ 5, ಮೆಗ್ನೀಷಿಯಾ 2, ಸೋಡಾ 10, ಫ್ಲೋರಿನ್ 7 ಇರೋ ಒಂದು ಮಾಮೂಲಿ ತರದ ಪೌಡರ್ ತಗೊಂಡ್ರೆ ಈ ಫಾರ್ಮುಲಾ 1,300 ಡಿಗ್ರಿಗೆ ಸುಮಾರು 1.8 ಪಾಯ್ಸ್ ಅನ್ನುತ್ತೆ, 1,200 ಡಿಗ್ರಿಗೆ 3.3 ಪಾಯ್ಸ್. ನೂರು ಡಿಗ್ರಿ ಇಳಿದ್ರೆ ಹತ್ರತ್ರ ಎರಡರಷ್ಟು. ಆ ಹಳೇ ಗುಣಾಕಾರದ ಲೆಕ್ಕಕ್ಕೆ ಈ ನಂಬರ್ ಸಾಕು, ಮಾಮೂಲಿ ಪೌಡರುಗಳಿಗೆ ಇದು ದಾರಿ ತಪ್ಪಿಸೋದೂ ಕಮ್ಮಿ. 45 ವರ್ಷ ಆಗ್ತಾ ಬಂದ್ರೂ ಕಾರ್ಖಾನೆಗಳಲ್ಲಿ ಅದನ್ನೇ ಬಳಸೋಕೆ ಕಾರಣ ಇದು, ಸೋಮಾರಿತನ ಅಲ್ಲ.

ಆದ್ರೆ ಈ ಫಾರ್ಮುಲಾಗೆ ಹರಳು ಅಂದ್ರೆ ಏನು ಅಂತ ಗೊತ್ತಿಲ್ಲ. ಪೂರ್ತಿ ದ್ರವ ಅಂತಲೇ ಅದರ ಲೆಕ್ಕ, 1,000 ಡಿಗ್ರಿ ಕೊಟ್ರೂ ಒಂದು ನಂಬರ್ ಕೊಡುತ್ತೆ, ನಿಜದಲ್ಲಿ ಅಷ್ಟೊತ್ತಿಗೆ ಸ್ಲ್ಯಾಗ್ ಕಲ್ಲಾಗಿರುತ್ತೆ. ಇನ್ನೊಂದು, ಹೊಂದಿಸೋಕೆ ಬಳಸಿದ ಅಳತೆಗಳ ವ್ಯಾಪ್ತಿ ಬಿಟ್ಟು ಹೊರಗೆ ಹೋದ್ರೆ, ಅಂದ್ರೆ ಬೋರಾನ್ ಜಾಸ್ತಿ ಇರೋದು, ಅಲ್ಯೂಮಿನಾ ಮೂವತ್ತರ ಹತ್ರ ಇರೋದು ಇಂಥದ್ದಕ್ಕೆ, ಅದರ ಮಾತಿಗೆ ಆಧಾರ ಇಲ್ಲ.

ಅದಕ್ಕೇ ಎರಡನೇ ಗುಂಪಿನ ಸಂಶೋಧಕರು ಬಂದ್ರು. ಗುಂಪು ಮಾಡಿ ಅಂಕಿ ಹೊಂದಿಸೋದು ಸಾಲದು, ಬಲೆಯ ರಚನೇನೇ ಲೆಕ್ಕಕ್ಕೆ ತರ್ಬೇಕು ಅಂತ ಅವರ ವಾದ. ಬ್ರಿಟನ್ನಿನ ಮಿಲ್ಸ್ ಮತ್ತಿತರರು ಆಪ್ಟಿಕಲ್ ಬೇಸಿಸಿಟಿ ಅನ್ನೋ ಒಂದೇ ಅಂಕಿಯಿಂದ ಸೇತುವೆಗಳ ಸ್ಥಿತಿ ಹೇಳೋಕೆ ಪ್ರಯತ್ನಪಟ್ರು, ಕೆನಡಾದಲ್ಲಿ ಬೆಳೆದ ಥರ್ಮೋಡೈನಮಿಕ್ ಡೇಟಾಬೇಸ್ ದಾರಿಯವರು ಎಷ್ಟು ಆಕ್ಸಿಜನ್ ಸೇತುವೆಯಾಗಿದೆ ಎಷ್ಟು ಬಿಟ್ಕೊಂಡಿದೆ ಅಂತ ಮೊದಲು ಲೆಕ್ಕ ಹಾಕಿ ಅದರಿಂದ ವಿಸ್ಕಾಸಿಟಿಗೆ ಬರ್ತಾರೆ. ಹೊಸ ಸಂಯೋಜನೆಗೆ ಹೋದಾಗ ಕಾಲೂರೋಕೆ ಸ್ವಲ್ಪ ನೆಲ ಸಿಗೋದು ಈ ದಾರೀಲೇ.

ಅಳೆಯೋದೇ ದೊಡ್ಡ ಕಷ್ಟ

ಮಾಡೆಲ್ ಯಾವುದಾದ್ರೂ ಇರ್ಲಿ, ಅದಕ್ಕೆ ಪಾಠ ಹೇಳೋದು ಲ್ಯಾಬಿನ ಅಳತೆ. ಆ ಅಳತೆ ಹೇಗೆ ಮಾಡ್ತಾರೆ ಅಂತ ಸ್ವಲ್ಪ ನಿಧಾನಕ್ಕೆ ನೋಡಿ. ಕುಲುಮೆಯೊಳಗೆ ಗ್ರಾಫೈಟ್ ಅಥವಾ ಪ್ಲಾಟಿನಂ-ರೋಡಿಯಂ ಬಟ್ಟಲು, ಅದರಲ್ಲಿ ಕರಗಿದ ಸ್ಲ್ಯಾಗ್, ಮೇಲಿಂದ ಉದ್ದನೆ ಕಂಬಿಗೆ ಕಟ್ಟಿದ ಒಂದು ಸಣ್ಣ ಗುಂಡು. ಗುಂಡನ್ನ ಒಂದೇ ವೇಗದಲ್ಲಿ ತಿರುಗಿಸೋದು, ತಿರುಗಿಸೋಕೆ ಎಷ್ಟು ಬಲ ಬೇಕಾಯ್ತು ಅನ್ನೋದ್ರಿಂದ ಮಂದ ಎಷ್ಟು ಅಂತ ಲೆಕ್ಕ. ಉಪಕರಣವನ್ನ ಮೊದಲು ಮಾಮೂಲಿ ಕೋಣೆ ಉಷ್ಣತೇಲಿ ಸಿಲಿಕೋನ್ ಎಣ್ಣೆ ಇಟ್ಟು ಹೊಂದಿಸ್ಕೊಂಡಿರ್ತಾರೆ, ಆಮೇಲೆ ಅದನ್ನೇ 1,400 ಡಿಗ್ರಿಗೆ ಒಯ್ಯೋದು. ಬಿಸಿಗೆ ಬಟ್ಟಲೂ ಗುಂಡೂ ಸ್ವಲ್ಪ ಹಿಗ್ಗುತ್ತೆ, ಗುಂಡು ನಡುವಿಂದ ಒಂದಿಷ್ಟು ಸರಿದ್ರೂ ಬಲ ಬದಲಾಗುತ್ತೆ, ಸ್ಲ್ಯಾಗಿನ ನಿಜವಾದ ಉಷ್ಣತೆ ಥರ್ಮೋಕಪಲ್ ಹೇಳಿದ್ದಕ್ಕಿಂತ ಹತ್ತು ಡಿಗ್ರಿ ಬೇರೆ ಇರಬಹುದು. ಎಲ್ಲಕ್ಕಿಂತ ಕಷ್ಟ ಏನಂದ್ರೆ ಅಳೀತಾ ಇರೋವಾಗ್ಲೇ ಸ್ಲ್ಯಾಗಿಂದ ಫ್ಲೋರಿನ್, ಸೋಡಿಯಂ ಆವಿಯಾಗಿ ಹೋಗ್ತಿರುತ್ತೆ, ಅಳತೆ ಶುರುವಾದಾಗ ಇದ್ದ ಸ್ಲ್ಯಾಗ್ ಒಂದು, ಮುಗಿದಾಗ ಇರೋದು ಇನ್ನೊಂದು.

ಇದೆಲ್ಲ ಸೇರಿ ಎಷ್ಟು ತಪ್ಪು ಬರಬಹುದು ಅಂದ್ರೆ, ತುಂಬಾ ಎಚ್ಚರಿಕೆಯಿಂದ ಮಾಡಿದ ಅಳತೇಲಿ ನೂರಕ್ಕೆ 10ರಷ್ಟು ಆಚೀಚೆ, ಸಾಮಾನ್ಯವಾಗಿ 25ರಷ್ಟು ಅಂತ ಈ ಕ್ಷೇತ್ರದಲ್ಲಿ ಒಪ್ಕೊಂಡಿದ್ದಾರೆ. ನಮ್ಮ 1.8 ಪಾಯ್ಸನ್ನ 25ರ ಲೆಕ್ಕಕ್ಕೆ ಹಾಕಿದ್ರೆ 1.35ರಿಂದ 2.25ವರೆಗೆ ಏನು ಬೇಕಾದ್ರೂ ಇರಬಹುದು. ಪಾಠದ ಪುಸ್ತಕದಲ್ಲೇ ಇಷ್ಟು ಅನುಮಾನ ಇರೋವಾಗ ಓದಿದ ವಿದ್ಯಾರ್ಥಿ ನೂರಕ್ಕೆ 3ರ ತಪ್ಪಲ್ಲಿ ಉತ್ತರ ಹೇಳ್ತೀನಿ ಅಂದ್ರೆ ಅವನು ಕಲಿತಿರೋದು ಸ್ಲ್ಯಾಗನ್ನಲ್ಲ, ಆ ಪುಸ್ತಕದ ತಪ್ಪನ್ನೂ ಸೇರಿಸಿ ಬಾಯಿಪಾಠ ಮಾಡಿದ್ದಾನೆ ಅಂತ.

ಎಐ ಎಲ್ಲಿ ಗಟ್ಟಿ, ಎಲ್ಲಿ ಎಡವುತ್ತೆ

ಮೂರನೇ ಗುಂಪು ಮಷೀನ್ ಲರ್ನಿಂಗಿನವರು. ಇದೇನೂ ನಿನ್ನೆ ಮೊನ್ನೆಯದಲ್ಲ, ಜಪಾನಲ್ಲಿ 2006ರಲ್ಲೇ ಮೋಲ್ಡ್ ಸ್ಲ್ಯಾಗ್ ವಿಸ್ಕಾಸಿಟಿಗೆ ಉದಾಹರಣೆಗಳಿಂದ ಕಲಿಯೋ ನ್ಯೂರಲ್ ನೆಟ್‌ವರ್ಕ್ ಹಾಕಿ ನೋಡಿದ್ರು. ಇವರ ವಾದದಲ್ಲಿ ಹುರುಳಿದೆ: ಅಲ್ಯೂಮಿನಾ ತರ ಎರಡೂ ಕಡೆ ವಾಲೋ ಪದಾರ್ಥ ಇದ್ದಾಗ ನೇರ ಗೆರೆಯ ಫಾರ್ಮುಲಾ ಸೋಲುತ್ತೆ, ನೆಟ್‌ವರ್ಕ್ ಆ ಸೊಟ್ಟ ಗೆರೆಯನ್ನೂ ಹಿಡಿಯುತ್ತೆ, ಹತ್ತು ಪದಾರ್ಥ ಇದ್ರೂ ತಲೆ ಕೆಡಿಸ್ಕೊಳ್ಳಲ್ಲ. ಅಳತೆ ದಟ್ಟವಾಗಿ ಇರೋ ಜಾಗದಲ್ಲಿ ಅದು ಹಳೇ ಫಾರ್ಮುಲಾಗಿಂತ ಚೆನ್ನಾಗೇ ಹೇಳಬಲ್ಲದು.

ಸುದ್ದೀಲಿ ಬರೋ ನಿಖರತೆಯನ್ನ ಮಾತ್ರ ಮೂರು ಕಾರಣಕ್ಕೆ ನಿಧಾನವಾಗಿ ಓದ್ಬೇಕು. ಒಂದು ಸ್ಲ್ಯಾಗನ್ನ ಅಳೆದಾಗ ಅದು ಒಂದೇ ಅಂಕಿ ಅಲ್ಲ, 1,400, 1,375, 1,350 ಹೀಗೆ ಹತ್ತಿಪ್ಪತ್ತು ಉಷ್ಣತೇಲಿ ಹತ್ತಿಪ್ಪತ್ತು ಅಂಕಿ ಸಿಗುತ್ತೆ. ಎಲ್ಲಾನೂ ಒಂದೇ ಡಬ್ಬಕ್ಕೆ ಹಾಕಿ ಕಲಸಿ, ನೂರಕ್ಕೆ 80 ಕಲಿಯೋಕೆ 20 ಪರೀಕ್ಷೆಗೆ ಅಂತ ಎತ್ತಿಟ್ರೆ, ಪರೀಕ್ಷೆಗೆ ಬರೋ ಸ್ಲ್ಯಾಗಿನ ಅಕ್ಕಪಕ್ಕದ ಉಷ್ಣತೆಯ ಉತ್ತರ ಮಾಡೆಲ್ ಆಗ್ಲೇ ನೋಡಿಬಿಟ್ಟಿರುತ್ತೆ. 1,400ರದ್ದೂ 1,350ರದ್ದೂ ಗೊತ್ತಿದ್ಮೇಲೆ 1,375ರದ್ದು ಹೇಳೋದು ಭವಿಷ್ಯ ನುಡಿದಂಗಲ್ಲ. ಒಂದಿಡೀ ಸ್ಲ್ಯಾಗನ್ನೇ, ಅದರ ಎಲ್ಲಾ ಉಷ್ಣತೆಗಳ ಸಮೇತ, ಬಚ್ಚಿಟ್ಟು ಪರೀಕ್ಷೆ ಮಾಡ್ಬೇಕು, ಹಾಗೆ ಮಾಡಿದ್ರೆ ಅಂಕ ಇಳಿಯುತ್ತೆ, ಆ ಇಳಿದ ಅಂಕವೇ ನಿಜವಾದ್ದು.

ಎರಡನೇದು, ವಿಸ್ಕಾಸಿಟಿಯನ್ನ ಸಾಮಾನ್ಯವಾಗಿ ಲಾಗ್ ಸ್ಕೇಲಲ್ಲಿ ತೋರಿಸ್ತಾರೆ, ಯಾಕಂದ್ರೆ ಅದು ಹತ್ತು ಪಟ್ಟು ನೂರು ಪಟ್ಟು ಬದಲಾಗುತ್ತೆ. ಆ ಗ್ರಾಫಲ್ಲಿ ಚುಕ್ಕಿಗಳೆಲ್ಲ ಗೆರೆ ಮೇಲೇ ಕೂತಂಗೆ ಕಾಣುತ್ತೆ, ಆದ್ರೆ ಅಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ದೂರ ಅಂದ್ರೂ ನೂರಕ್ಕೆ 30ರ ತಪ್ಪಾಗಿರಬಹುದು, ಕ್ಯಾಸ್ಟರಿಗೆ 1.8ಕ್ಕೂ 2.3ಕ್ಕೂ ವ್ಯತ್ಯಾಸ ಇದೆ. ಮೂರನೇದು, ಬಹಿರಂಗವಾಗಿ ಸಿಗೋ ಡೇಟಾದಲ್ಲಿ ಸುಣ್ಣ, ಸಿಲಿಕಾ, ಅಲ್ಯೂಮಿನಾ, ಮೆಗ್ನೀಷಿಯಾ ಇಷ್ಟೇ ಇರೋ ಬ್ಲಾಸ್ಟ್ ಫರ್ನೇಸ್ ತರದ ಸ್ಲ್ಯಾಗಿನದ್ದು ಸಮೃದ್ಧವಾಗಿದೆ, ಫ್ಲೋರಿನ್ ಲಿಥಿಯಂ ಬೋರಾನ್ ಇರೋ ಮೋಲ್ಡ್ ಸ್ಲ್ಯಾಗಿನದ್ದು ವಿರಳ, ಪೌಡರ್ ಮಾಡೋ ಕಂಪನಿಗಳು ತಮ್ಮ ಅಳತೆ ಹೊರಗೆ ಕೊಡಲ್ಲ, ಅದು ಅವರ ವ್ಯಾಪಾರದ ಗುಟ್ಟು. ಡೇಟಾಶೀಟಲ್ಲಿ ಬರೆದಿರೋ ಅಂಕಿ ಅಳೆದದ್ದೋ ಫಾರ್ಮುಲಾದಿಂದ ತೆಗೆದದ್ದೋ ಅಂತ ಕೇಳದೆ ಅದನ್ನೂ ಡೇಟಾಗೆ ಸೇರಿಸಿದ್ರೆ, ನೆಟ್‌ವರ್ಕ್ ಕಲಿಯೋದು ಹಳೇ ಫಾರ್ಮುಲಾನೇ, ಹೆಸರು ಮಾತ್ರ ಹೊಸದು.

ನನ್ನ ತೀರ್ಮಾನ ಇಲ್ಲೇ ಹೇಳಿಬಿಡ್ತೀನಿ: ಈಗ ಕಮ್ಮಿ ಇರೋದು ಜಾಣ ಮಾಡೆಲ್ ಅಲ್ಲ, ನಂಬೋಕೆ ಆಗೋ ಅಳತೆ. ದುಡ್ಡು, ಸಮಯ, ಜನ ಅಲ್ಲಿಗೆ ಹೋಗ್ಬೇಕು.

ಚೀಲದಲ್ಲಿ ಒಂದು, ಮೋಲ್ಡಲ್ಲಿ ಇನ್ನೊಂದು

ಇದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿದೆ. ಮಾಡೆಲ್ ಲೆಕ್ಕ ಹಾಕೋದು ಚೀಲದ ಮೇಲೆ ಬರೆದ ಸಂಯೋಜನೆಗೆ, ಮೋಲ್ಡಲ್ಲಿ ಇರೋದು ಅದಲ್ಲ. ಪುಡೀಲಿರೋ ಇಂಗಾಲ ಉರಿದು ಹೋಗಿರುತ್ತೆ, ಉಕ್ಕಿಂದ ತೇಲಿ ಬರೋ ಅಲ್ಯೂಮಿನಾ ಕಣಗಳನ್ನ ಸ್ಲ್ಯಾಗ್ ಹೀರ್ಕೊಂಡಿರುತ್ತೆ, ಅದು ಅದರ ಕೆಲಸಾನೇ.

ಕಾರಿಗೆ ಬೇಕಾದ ಹೊಸ ಹೈ-ಸ್ಟ್ರೆಂತ್ ಉಕ್ಕುಗಳ ಕಥೆ ಇನ್ನೂ ಕಷ್ಟದ್ದು, ಪಿಎಲ್‌ಐ ತರದ ಸ್ಕೀಮ್‌ಗಳ ಗುರಿಯೂ ಇಂಥ ಉಕ್ಕೇ. ಇವುಗಳಲ್ಲಿ ಕೆಲವಕ್ಕೆ ನೂರಕ್ಕೆ ಒಂದು ಅಥವಾ ಅದಕ್ಕಿಂತ ಜಾಸ್ತಿ ಅಲ್ಯೂಮಿನಿಯಂ ಹಾಕಿರ್ತಾರೆ. ಅಲ್ಯೂಮಿನಿಯಂಗೆ ಆಕ್ಸಿಜನ್ ಮೇಲೆ ಸಿಲಿಕಾನಿಗಿಂತ ಜಾಸ್ತಿ ಆಸೆ, ಸ್ಲ್ಯಾಗಲ್ಲಿರೋ ಸಿಲಿಕಾದಿಂದ ಆಕ್ಸಿಜನ್ ಕಿತ್ಕೊಂಡು ತಾನು ಅಲ್ಯೂಮಿನಾ ಆಗುತ್ತೆ, ಸಿಲಿಕಾನ್ ಉಕ್ಕಿಗೆ ಇಳಿಯುತ್ತೆ. ಕಾಸ್ಟಿಂಗ್ ನಡೀತಾ ನಡೀತಾ ಸ್ಲ್ಯಾಗಲ್ಲಿ ಸಿಲಿಕಾ ಕಮ್ಮಿ, ಅಲ್ಯೂಮಿನಾ ಜಾಸ್ತಿ. ಮೇಲಿನ ಉದಾಹರಣೇಲಿ ಹೀಗೆ ಒಂದು ಹತ್ತು ಪಾಲು ಅಲ್ಯೂಮಿನಾ ಏರಿದೆ, ಅದಕ್ಕೆ ತಕ್ಕಂತೆ ಸಿಲಿಕಾ ಇಳಿದಿದೆ ಅಂತ ಹಾಕಿದ್ರೆ ರಿಬೂ ಫಾರ್ಮುಲಾ 1.8ರಿಂದ 2.3 ಪಾಯ್ಸಿಗೆ ಏರುತ್ತೆ ಅನ್ನುತ್ತೆ, 1,200 ಡಿಗ್ರೀಲಿ 3.3ರಿಂದ 5.1ಕ್ಕೆ. ಅಷ್ಟೇನಾ, ಪರವಾಗಿಲ್ಲ ಅನ್ಸಬಹುದು. ಆದ್ರೆ ಇಂಥ ಸ್ಲ್ಯಾಗಲ್ಲಿ ಹರಳು ಮುಂಚೇನೇ ಬರೋಕೆ ಶುರುವಾಗುತ್ತೆ, ಮೋಲ್ಡಿನ ಅಂಚಲ್ಲಿ ಗಟ್ಟಿ ಗಡ್ಡೆ ಬೆಳೆದು ಸ್ಲ್ಯಾಗ್ ಇಳಿಯೋ ದಾರಿಯನ್ನೇ ಮುಚ್ಚುತ್ತೆ, ಫಾರ್ಮುಲಾಗೆ ಅದು ಕಾಣಲ್ಲ. ಇದಕ್ಕೆ ಪರ್ಯಾಯವಾಗಿ ಮೊದಲಿಂದ್ಲೇ ಸಿಲಿಕಾ ಕಮ್ಮಿ ಅಲ್ಯೂಮಿನಾ ಜಾಸ್ತಿ ಇರೋ ಪೌಡರ್ ಮಾಡೋ ಪ್ರಯತ್ನ ನಡೀತಿದೆ, ಅಂಥದ್ದು ಉಕ್ಕಿನ ಜೊತೆ ಕಮ್ಮಿ ಬದಲಾಗುತ್ತೆ, ಆದ್ರೆ ಹರಳುಗಟ್ಟೋ ಚಾಳಿ ಅದರಲ್ಲೇ ಜಾಸ್ತಿ, ಹಳೇ ಅಳತೆಗಳಂತೂ ಅದರ ಬಗ್ಗೆ ಏನೂ ಹೇಳಲ್ಲ.

ಫ್ಲೋರಿನ್ ತೆಗೆಯೋ ಹೊತ್ತಿಗೆ

ಫ್ಲೋರಿನ್ ಸ್ಲ್ಯಾಗನ್ನ ತೆಳ್ಳಗೆ ಮಾಡುತ್ತೆ, ಜೊತೆಗೆ ಕಸ್ಪಿಡೀನ್ ಅನ್ನೋ ಹರಳು ಕಟ್ಟೋಕೂ ಅದೇ ಬೇಕು. ಇಂಗಾಲ ನೂರಕ್ಕೆ ಸುಮಾರು 0.09ರಿಂದ 0.17ರ ನಡುವೆ ಇರೋ ಉಕ್ಕುಗಳು ಗಟ್ಟಿಯಾಗೋವಾಗ ಜಾಸ್ತಿ ಕುಗ್ಗಿ ಉದ್ದಕ್ಕೆ ಸೀಳ್ತವೆ, ಅವನ್ನ ಮೆಲ್ಲಗೆ ಆರಿಸ್ಬೇಕು, ಗಟ್ಟಿ ಪದರದಲ್ಲಿ ಕಸ್ಪಿಡೀನ್ ಹರಳಿದ್ರೆ ಬಿಸಿ ಹೊರಗೆ ಹೋಗೋದು ತಗ್ಗುತ್ತೆ. ಅಂದ್ರೆ ಒಂದೇ ಪದಾರ್ಥ ದ್ರವದ ಪದರಕ್ಕೂ ಗಟ್ಟಿ ಪದರಕ್ಕೂ ಎರಡು ಬೇರೆ ಕೆಲಸ ಮಾಡ್ತಿದೆ. ಆದ್ರೆ ಆವಿಯಾಗೋ ಫ್ಲೋರಿನ್ ಹೈಡ್ರೋಜನ್ ಫ್ಲೋರೈಡ್ ಆಗಿ ಕೆಲಸಗಾರರ ಉಸಿರಿಗೆ ಬರುತ್ತೆ, ಕೆಳಗೆ ಸ್ಲ್ಯಾಬಿನ ಮೇಲೆ ಚಿಮುಕಿಸೋ ನೀರಿಗೆ ಸೇರಿ ಅದನ್ನ ಆಮ್ಲ ಮಾಡುತ್ತೆ, ರೋಲರು ಪೈಪು ತುಕ್ಕು ಹಿಡೀತವೆ. ಅದಕ್ಕೆ ಫ್ಲೋರಿನ್ ಬದಲು ಬೋರಾನ್, ಸೋಡಾ, ಟೈಟಾನಿಯಂ ಆಕ್ಸೈಡ್ ಹಾಕೋ ಪ್ರಯತ್ನ. ಬಿಲೆಟಿಗೆ, ಅಂದ್ರೆ ಸಣ್ಣ ಚೌಕದ ಉಕ್ಕಿನ ತುಂಡಿಗೆ, ಇದು ಸುಲಭ, ಸೀಳೋ ಸ್ವಭಾವದ ಸ್ಲ್ಯಾಬಿಗೆ ಕಷ್ಟ. ವಿಸ್ಕಾಸಿಟಿ ಹೊಂದಿಸೋದು ಬೋರಾನಿಂದ ಆಗುತ್ತೆ, ಕಸ್ಪಿಡೀನಿನ ಜಾಗ ತುಂಬೋದು ಆಗ್ತಿಲ್ಲ. ಬರೀ ವಿಸ್ಕಾಸಿಟಿ ಸರಿ ಹೇಳೋ ಮಾಡೆಲ್ ಇಟ್ಕೊಂಡು ಇಲ್ಲಿ ಪೌಡರ್ ಆರಿಸಿದ್ರೆ ಜಾರಿಕೆ ಸಿಗುತ್ತೆ, ಸ್ಲ್ಯಾಬ್ ಸೀಳುತ್ತೆ.

ಮುಂದೇನಾಗಬಹುದು

ಕಾರ್ಖಾನೆಗಳು ಮಾಡೆಲ್ ಬಳಸೋದಂತೂ ಜಾಸ್ತಿಯಾಗುತ್ತೆ, ಅದು ಒಳ್ಳೇದೇ. ಐವತ್ತು ಸಂಯೋಜನೆ ಕಾಗದದ ಮೇಲೆ ಸೋಸಿ ಐದನ್ನ ಮಾತ್ರ ಲ್ಯಾಬಿಗೆ ಕಳಿಸೋಕಾದ್ರೆ ತಿಂಗಳುಗಟ್ಟಲೆ ಉಳಿಯುತ್ತೆ. ಅಪಾಯ ಇರೋದು ಆ ಐದನ್ನ ಲ್ಯಾಬಿಗೆ ಕಳಿಸದೆ ನೇರ ಕ್ಯಾಸ್ಟರಿಗೆ ಹಾಕಿದ್ರೆ. ತಾಮ್ರದ ಗೋಡೇಲಿ ಹುದುಗಿಸಿರೋ ಥರ್ಮೋಕಪಲ್‌ಗಳು ಚಿಪ್ಪು ಅಂಟ್ತಿದೆ ಅಂತ ಎಚ್ಚರಿಸ್ತವೆ, ಆಪರೇಟರ್ ವೇಗ ಇಳಿಸಿ ಎಷ್ಟೋ ಸಲ ಬಚಾವ್ ಮಾಡ್ತಾರೆ, ಹಾಗಂತ ಆ ಎಚ್ಚರಿಕೆಯನ್ನೇ ಪರೀಕ್ಷೆಯ ಸಾಧನ ಮಾಡ್ಕೊಳ್ಳೋದು ಕೆಳಗೆ ನಿಂತಿರೋ ಜನರ ಮೇಲೆ ಪ್ರಯೋಗ ಮಾಡಿದ ಹಾಗೆ.

ಅಳತೆ ಹಂಚಿಕೊಳ್ಳೋ ವಿಷಯದಲ್ಲಿ ಎರಡೂ ಕಡೆ ಕಾರಣ ಇದೆ. ಪೌಡರ್ ಕಂಪನಿ ತನ್ನ ರೆಸಿಪಿ ಬಿಟ್ಕೊಡು ಅಂದ್ರೆ ಕೊಡಲ್ಲ, ಕೊಡಬೇಕಾಗೂ ಇಲ್ಲ. ಆದ್ರೆ ಸರ್ಕಾರದ ದುಡ್ಡಲ್ಲಿ ನಡೆಯೋ ಲ್ಯಾಬುಗಳು, ನಮ್ಮ ಸುರತ್ಕಲ್ಲಿನ ಎನ್‌ಐಟಿಕೆ, ಬೆಂಗಳೂರಿನ ಐಐಎಸ್‌ಸಿ ತರದ ಮೆಟಲರ್ಜಿ ಕಲಿಸೋ ಜಾಗಗಳು, ವ್ಯಾಪಾರದ್ದಲ್ಲದ ಸಂಯೋಜನೆಗಳನ್ನ ಹಂಚಿಕೊಂಡು ಅಳೆದು, ಒಂದೇ ಸ್ಲ್ಯಾಗನ್ನ ನಾಲ್ಕು ಲ್ಯಾಬಲ್ಲಿ ಅಳೆದು ತಪ್ಪೆಷ್ಟು ಅಂತಾನೂ ಬರೆದು ಹೊರಗೆ ಹಾಕಿದ್ರೆ ಯಾರ ಗುಟ್ಟೂ ಹೋಗಲ್ಲ.

ಇನ್ನೊಂದು ಕೆಲಸಕ್ಕಂತೂ ಹೊಸ ಉಪಕರಣವೇ ಬೇಡ. ಒಂದು ಸೀಕ್ವೆನ್ಸ್, ಅಂದ್ರೆ ನಿಲ್ಲಿಸದೆ ಹೊಯ್ಯೋ ಒಂದು ಸರದಿ, ಮುಗಿದು ಕೊನೆಯ ಸ್ಲ್ಯಾಬ್ ಇಳಿದು ಹೋದ್ಮೇಲೆ ಮೋಲ್ಡಿನ ಗೋಡೆಗೆ ಗಾಜಿನ ಚೂರಿನ ತರ ಸ್ಲ್ಯಾಗ್ ಪದರ ಅಂಟಿರುತ್ತೆ, ಒಂದು ಕಡೆ ನುಣುಪು, ಇನ್ನೊಂದು ಕಡೆ ಹರಳುಗಟ್ಟಿ ಮಬ್ಬು. ಮುಂದಿನ ಸೀಕ್ವೆನ್ಸಿಗೆ ಮುಂಚೆ ಅದನ್ನ ಕೆರೆದು ಗುಡಿಸಿ ಹಾಕ್ತಾರೆ. ಗುಡಿಸೋಕೆ ಮುಂಚೆ ಒಂದು ಹಿಡಿ ಎತ್ತಿಟ್ಟು, ಚೀಲದ ಪುಡಿ ಜೊತೆ ಇಟ್ಟು ಎರಡನ್ನೂ ಅಳೆದ್ರೆ, ಮಾಡೆಲ್ ಹೇಳಿದ ಸ್ಲ್ಯಾಗಿಗೂ ಉಕ್ಕಿನ ಜೊತೆ ನಿಜವಾಗಿ ಇಳಿದ ಸ್ಲ್ಯಾಗಿಗೂ ಎಷ್ಟು ದೂರ ಅನ್ನೋದು ಅವತ್ತೇ ಗೊತ್ತಾಗುತ್ತೆ.